ನೀಲಿ ಅಂಗಿಯ ಆಟ ಯಾವ ಚಾನೆಲ್‌ನಲ್ಲಿ?

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಕುವೈತ್ ತಂಡಗಳು ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಷಿಪ್ ಫೈನಲ್ ಆಡಿದವು. ಆಟ 1–1ರಲ್ಲಿ ನಿಂತಿತು. ಹೆಚ್ಚುವರಿ ಸಮಯ ಮುಗಿದರೂ ತೀರ್ಮಾನವಾಗದೆ ಪೆನಾಲ್ಟಿಗೆ ಹೋಯಿತು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತ ತಡೆದಾಗ ಲೆಕ್ಕ 5–4. ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತು ‘ವಂದೇ ಮಾತರಂ’ ಹಾಡಿದ್ದನ್ನು ಮರುದಿನ ಮೊಬೈಲ್‌ನಲ್ಲಿ ನೋಡದವರು ಕಡಿಮೆ. ಆದರೆ ಆ ಹೊತ್ತಿಗೇ ಅದನ್ನು ನೇರವಾಗಿ ನೋಡಿದವರೆಷ್ಟು?

ಕೊಪ್ಪಳದಿಂದ ಕಂಠೀರವಕ್ಕೆ ಸುಮಾರು 350 ಕಿಲೋಮೀಟರ್. ಮನೆಯಲ್ಲೇ ಕೂತು ನೋಡಬೇಕೆಂದರೆ ಇದ್ದದ್ದು ಎರಡು ದಾರಿ: ಫ್ಯಾನ್‌ಕೋಡ್ ಎಂಬ ಆ್ಯಪ್, ಇಲ್ಲವೇ ಡಿಡಿ ಭಾರತಿ. ಡಿಡಿ ಭಾರತಿ ಎಂದರೆ ಸಂಗೀತ, ನೃತ್ಯ, ಹಳೆಯ ಸಾಕ್ಷ್ಯಚಿತ್ರಗಳ ಚಾನೆಲ್. ಫುಟ್‌ಬಾಲ್ ಹುಡುಕುವ ಹುಡುಗ ಕ್ರೀಡಾ ಚಾನೆಲ್‌ಗಳನ್ನೆಲ್ಲ ಒತ್ತಿ ನೋಡಿ ಕೈಬಿಡುತ್ತಾನೆಯೇ ಹೊರತು ಅಲ್ಲಿಗೆ ಹೋಗುವುದಿಲ್ಲ. ಪಂದ್ಯ ಉಚಿತವಾಗಿತ್ತು ನಿಜ. ಅದು ಅಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ.

ರಾಷ್ಟ್ರೀಯ ತಂಡದ ಫುಟ್‌ಬಾಲ್ ಪಂದ್ಯಗಳ ಪ್ರಸಾರ ಹಕ್ಕು ಯಾರ ಕೈಯಲ್ಲಿರಬೇಕು, ಎಷ್ಟಕ್ಕೆ ಮಾರಬೇಕು ಎಂಬ ಚರ್ಚೆ ದೆಹಲಿ, ಮುಂಬೈಗಳಲ್ಲಿ ನಡೆಯುತ್ತದೆ. ಅದನ್ನು ಕೊಪ್ಪಳದಲ್ಲಿ ನಿಂತು ನೋಡಿದರೆ ಬೇರೆಯಾಗಿ ಕಾಣುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಸುಮಾರು 14 ಲಕ್ಷ ಜನ. ನೂರಕ್ಕೆ 83 ಮಂದಿ ಹಳ್ಳಿಯವರು. ಗಂಗಾವತಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತ, ರೈಸ್‌ಮಿಲ್ಲು. ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಜನ ಬುತ್ತಿ ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಟಿ.ವಿ.ಯೂ ಹೀಗೇ ಇಬ್ಭಾಗ. ಪೇಟೆಯಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟುವ ಕೇಬಲ್ಲು ಅಥವಾ ಖಾಸಗಿ ಡಿಶ್ಶು. ಹಳ್ಳಿಯ ಮಾಳಿಗೆಯ ಮೇಲೆ, ಗಾಳಿಗೆ ಅಲುಗಾಡದಂತೆ ಬುಡಕ್ಕೆ ಕಲ್ಲು ಹೇರಿ, ಬೆಳಕಿಂಡಿಯಿಂದ ವೈರು ಇಳಿಬಿಟ್ಟ ಡಿಡಿ ಫ್ರೀ ಡಿಶ್. ಒಮ್ಮೆ ಬಾಕ್ಸು, ತಟ್ಟೆ ಕೊಂಡರೆ ಮುಗಿಯಿತು, ರಿಚಾರ್ಜ್ ಎಂಬ ಮಾತಿಲ್ಲ. 2004ರಲ್ಲಿ ಶುರುವಾದ ಈ ಸೇವೆ ಇಂದು ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬುದು ಉದ್ಯಮದವರ ಅಂದಾಜು.

ಈ ಜಿಲ್ಲೆಯಲ್ಲಿ ಫುಟ್‌ಬಾಲ್ ಊರಾಟವೇನೂ ಅಲ್ಲ. ಶಾಲೆಯ ಬಯಲಿನಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್. ಸಂಜೆಗೆ ಟೆನಿಸ್ ಚೆಂಡಿನ ಕ್ರಿಕೆಟ್. ಹಾಗಿದ್ದರೆ ಈ ಹಕ್ಕಿನ ಗೊಡವೆ ಇಲ್ಲಿಯವರಿಗೇಕೆ ಎಂದು ಕೇಳಬಹುದು. ಬೆಂಗಳೂರಿನ ಆಸ್ಟಿನ್ ಟೌನಿನಲ್ಲೋ ಹಲಸೂರಿನಲ್ಲೋ ಹುಟ್ಟಿದ ಹುಡುಗನಿಗೆ ಟಿ.ವಿ. ಇಲ್ಲದಿದ್ದರೂ ಫುಟ್‌ಬಾಲ್ ಕಣ್ಣಿಗೆ ಬೀಳುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ಮೈಸೂರು ಸಂಸ್ಥಾನದ ಪರ ಆಡಿ ಬೆಳೆದವರು; ಆ ಕಾಲದ ಬೆಂಗಳೂರಿಗೆ ಆಟ ಕಲಿಸಲು ಟಿ.ವಿ. ಬೇಕಿರಲಿಲ್ಲ. ಯಲಬುರ್ಗಾದ ಹುಡುಗನಿಗೆ ಟಿ.ವಿ.ಯೇ ಮೈದಾನ. ಆಟ ಇಲ್ಲದ ಊರಿಗೆ ಅದು ಬರುವ ದಾರಿ ಅದೊಂದೇ.

ಉಚಿತ ಪ್ರಸಾರದ ಪರ ಇರುವವರ ವಾದದ ಬೇರು 1995ರ ಫೆಬ್ರುವರಿ 9ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. 1993ರ ಹೀರೊ ಕಪ್ ಕ್ರಿಕೆಟ್ಟಿನ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಮಾರಿದಾಗ ದೂರದರ್ಶನದೊಂದಿಗೆ ಎದ್ದ ಜಗಳ ಅದು. ಪ್ರಸಾರ ತರಂಗಗಳು ಸಾರ್ವಜನಿಕರ ಆಸ್ತಿ, ಅವು ಸರ್ಕಾರದ ಏಕಸ್ವಾಮ್ಯವೂ ಅಲ್ಲ ಎಂದಿತು ಕೋರ್ಟು. ಅಂದಿನಿಂದ ಎರಡೂ ಕಡೆಯವರು ಇದೇ ತೀರ್ಪನ್ನು ಹಿಡಿದು ವಾದಿಸುತ್ತಾರೆ. ಸಾರ್ವಜನಿಕ ಆಸ್ತಿ ಎಂಬ ಅರ್ಧ ಒಬ್ಬರಿಗೆ, ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂಬ ಅರ್ಧ ಇನ್ನೊಬ್ಬರಿಗೆ.

2004ರ ಭಾರತ–ಪಾಕಿಸ್ತಾನ ಕ್ರಿಕೆಟ್ ಸರಣಿಯ ಹೊತ್ತಿಗೆ ಈ ಜಗಳ ಮತ್ತೆ ಕೋರ್ಟಿಗೆ ಹೋಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಪಂದ್ಯಗಳನ್ನು ದೂರದರ್ಶನ ಏಳು ನಿಮಿಷ ತಡವಾಗಿ ತೋರಿಸಬೇಕಾದಾಗ ಜನರ ಸಿಟ್ಟು ನೆತ್ತಿಗೇರಿತು. ಏಳು ನಿಮಿಷವೆಂದರೆ ಒಂದೂವರೆ ಓವರು. ಪಕ್ಕದ ಮನೆಯ ಕೇಬಲ್‌ನಲ್ಲಿ ಔಟಾದವನು ನಮ್ಮ ಮನೆಯಲ್ಲಿ ಇನ್ನೂ ಸಿಕ್ಸರ್ ಹೊಡೆಯುತ್ತಿದ್ದ. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಬೆನ್ನಿಗೇ ಕಾಯ್ದೆ. ರಾಷ್ಟ್ರೀಯ ಮಹತ್ವದ ಕ್ರೀಡೆ ಎಂದು ಸರ್ಕಾರ ಪಟ್ಟಿಮಾಡಿದ ಪಂದ್ಯಗಳನ್ನು ಕೇಬಲ್ ಅಥವಾ ಡಿಟಿಎಚ್‌ನಲ್ಲಿ ನೇರವಾಗಿ ತೋರಿಸುವವರು, ತಮ್ಮ ಜಾಹೀರಾತು ತೆಗೆದು, ಅದೇ ಹೊತ್ತಿಗೆ ದೂರದರ್ಶನ ನಡೆಸುವ ಪ್ರಸಾರ ಭಾರತಿಗೂ ಕೊಡಬೇಕು. ದೂರದರ್ಶನಕ್ಕೆ ಬರುವ ಜಾಹೀರಾತು ಹಣದಲ್ಲಿ ಕನಿಷ್ಠ ನೂರಕ್ಕೆ 75 ಪಾಲು ಹಕ್ಕು ಹೊಂದಿದವರಿಗೆ.

ಕಾಯ್ದೆ ಒಳ್ಳೆಯದೇ. ಆದರೆ ಅದು ಹೊಲಿದ ಅಂಗಿ ಕ್ರಿಕೆಟ್ಟಿನ ಮೈಯಳತೆಯದು. ಭಾರತದ ಪುರುಷರ ಕ್ರಿಕೆಟ್ ತಂಡ ಆಡುವ ಎಲ್ಲ ಅಧಿಕೃತ ಏಕದಿನ, ಟಿ20 ಪಂದ್ಯಗಳಿಗೂ ಪಟ್ಟಿಯಲ್ಲಿ ಜಾಗವಿದೆ. ಫುಟ್‌ಬಾಲ್‌ಗೆ ಸಿಕ್ಕಿದ್ದು ವಿಶ್ವಕಪ್, ಏಷ್ಯನ್ ಕಪ್, ಸಂತೋಷ್ ಟ್ರೋಫಿಯಂಥ ದೊಡ್ಡ ಹೆಸರುಗಳು. ವಿಶ್ವಕಪ್‌ನಲ್ಲಿ ನಾವು ಆಡುವುದೇ ಇಲ್ಲ. ಹಾಗಾಗಿ ಕಾಯ್ದೆಯ ಪುಣ್ಯದಿಂದ ಹಳ್ಳಿಯವನಿಗೆ ಅರ್ಜೆಂಟೀನಾ ಕಂಡೀತು, ಭಾರತ ಕಾಣುವುದು ಅನುಮಾನ.

ಇನ್ನೂ ಒಂದು ತೂತಿದೆ. ಕಾಯ್ದೆಯ ಷರತ್ತು ಇರುವುದು ಕೇಬಲ್, ಡಿಟಿಎಚ್‌ನಲ್ಲಿ ತೋರಿಸುವವರಿಗೆ. 2007ರಲ್ಲಿ ಮೊಬೈಲ್‌ನಲ್ಲಿ ಪಂದ್ಯ ನೋಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಪಂದ್ಯವನ್ನು ಆ್ಯಪ್‌ನಲ್ಲಷ್ಟೇ ತೋರಿಸಿದರೆ ಕಾಯ್ದೆ ಬಾಗಿಲ ಹೊರಗೇ ನಿಲ್ಲುತ್ತದೆ. ಫುಟ್‌ಬಾಲ್ ಪಂದ್ಯಗಳು ಜಾರುತ್ತಿರುವುದು ಆ ಕಡೆಗೇ.

ಈಗ ಕುಷ್ಟಗಿಯ ಕೇಬಲ್ ಗಿರಾಕಿಯ ಕತೆ. ಭಾರತದ ಕ್ರಿಕೆಟ್ ಪಂದ್ಯ ಡಿಡಿಯಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿ ಡಿಡಿ ಹಾಕಿದರೆ ಅಲ್ಲಿ ಬೇರೇನೋ ಓಡುತ್ತಿರುತ್ತದೆ. ಕೇಬಲ್‌ನವರಿಗೆ ಫೋನ್ ಹಚ್ಚಿದರೆ ಬರುವ ಉತ್ತರ: “ಸರ, ಅದು ಫ್ರೀ ಡಿಶ್ಶಿನ್ಯಾಗ ಅಷ್ಟ ಬರ್ತೈತ್ರಿ, ನಮ್ಮ ಕೇಬಲ್ದಾಗ ಬರಂಗಿಲ್ರಿ.” ತಿಂಗಳಿಗೆ ದುಡ್ಡು ಕಟ್ಟುವವನಿಗೆ ಇಲ್ಲ, ಕಟ್ಟದವನಿಗೆ ಉಂಟು! ಇದು ಕೇಬಲ್‌ನವರ ತಪ್ಪಲ್ಲ. ದೂರದರ್ಶನದ ಚಾನೆಲ್ಲುಗಳನ್ನು ಕೇಬಲ್‌ನವರು ಕಡ್ಡಾಯವಾಗಿ ತೋರಿಸಬೇಕೆಂಬ ನಿಯಮವಿದೆ. ಹಾಗಾಗಿ ಖಾಸಗಿಯವರು ಕೋಟಿಗಟ್ಟಲೆ ಕೊಟ್ಟು ಕೊಂಡ ಪಂದ್ಯ ದೂರದರ್ಶನದ ಮೂಲಕ ಎಲ್ಲ ಕೇಬಲ್ಲಿಗೂ ಬಿಟ್ಟಿಯಾಗಿ ಹರಿಯುತ್ತಿತ್ತು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಹಂಚಿಕೊಂಡ ಪಂದ್ಯ ದೂರದರ್ಶನದ ನೆಲದ ಟವರುಗಳ ಪ್ರಸಾರ ಮತ್ತು ಅದರದೇ ಡಿಟಿಎಚ್‌ಗೆ ಸೀಮಿತವಾಯಿತು. ಆಮೇಲೆ ದೂರದರ್ಶನ ತನ್ನ ಹಳೆಯ ಟವರುಗಳಲ್ಲಿ ಬಹುಪಾಲನ್ನೂ ದೇಶದಾದ್ಯಂತ ಒಂದೊಂದಾಗಿ ಮುಚ್ಚಿತು. ಉಳಿದದ್ದು ಫ್ರೀ ಡಿಶ್. ಹಂಚಿಕೊಂಡ ಪಂದ್ಯವನ್ನು ಕೇಬಲ್‌ಗೂ ವಿಸ್ತರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2018ರಲ್ಲಿ ಹೊರಡಿಸಿತು. ಕರಡು ಕರಡಾಗಿಯೇ ಉಳಿಯಿತು.

ಹಕ್ಕು ಮಾರುವವರ ಮಾತನ್ನೂ ಕೇಳಬೇಕು. ಅವರದ್ದು ಬರೀ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ಲೆಕ್ಕ ನೋಡಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ ಐಎಂಜಿ–ರಿಲಯನ್ಸ್ ಕಂಪನಿಗೆ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಬರೆದುಕೊಟ್ಟಿತು. ಪ್ರಸಾರ, ಪ್ರಾಯೋಜಕತ್ವ, ರಾಷ್ಟ್ರೀಯ ತಂಡ, ಲೀಗ್, ಎಲ್ಲವೂ ಸೇರಿ. ಕೊನೆಯ ವರ್ಷಗಳಲ್ಲಿ ಬರುತ್ತಿದ್ದದ್ದು ವರ್ಷಕ್ಕೆ 50 ಕೋಟಿ. ಪಕ್ಕದ ತಕ್ಕಡಿಯಲ್ಲಿ ಕ್ರಿಕೆಟ್ ಇಡಿ: 2023ರಲ್ಲಿ ತವರಿನ 88 ಪಂದ್ಯಗಳಿಗೆ ವಯಾಕಾಂ18 ಕೊಟ್ಟದ್ದು 5,963 ಕೋಟಿ. ಒಂದು ಪಂದ್ಯಕ್ಕೆ ಸುಮಾರು 68 ಕೋಟಿ. ಅಂದರೆ ಕ್ರಿಕೆಟ್ಟಿನ ಒಂದು ಪಂದ್ಯದ ಬೆಲೆ ಫುಟ್‌ಬಾಲ್‌ನ ಒಂದು ವರ್ಷಕ್ಕಿಂತ ಹೆಚ್ಚು.

ಆ 50 ಕೋಟಿಯಲ್ಲೇ ಹುಡುಗರ ತಂಡ, ಹುಡುಗಿಯರ ತಂಡ, ರೆಫರಿ ತರಬೇತಿ, ಕೋಚುಗಳ ಸಂಬಳ, ವಿಮಾನದ ಟಿಕೆಟ್ ಎಲ್ಲವೂ ಆಗಬೇಕು. ಶ್ರೀಮಂತನ ಹೊಲದಲ್ಲಿ ಹತ್ತು ತೆನೆ ಹಕ್ಕಿಗೆ ಬಿಟ್ಟರೆ ಏನೂ ಆಗುವುದಿಲ್ಲ, ನಮ್ಮದು ಒಂದು ಸಾಲಿನ ಹೊಲ ಎಂಬುದು ಅವರ ಅಳಲು. ಪಂದ್ಯ ದೂರದರ್ಶನದಲ್ಲೂ ಬಿಟ್ಟಿ ಬರುತ್ತದೆ ಎಂದ ಕೂಡಲೇ ಖಾಸಗಿ ಚಾನೆಲ್ ಬೆಲೆ ಇಳಿಸುತ್ತದೆ, ಕೆಲವೊಮ್ಮೆ ಎದ್ದೇ ಹೋಗುತ್ತದೆ. ಕೊಳ್ಳುವವರೂ ಈಗ ಎಷ್ಟು ಮಂದಿ? 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಂ18 ಒಂದಾದವು. ಹರಾಜಿನಲ್ಲಿ ಎದುರುಬದುರು ಕೂರುತ್ತಿದ್ದ ಇಬ್ಬರು ಒಂದೇ ಕುರ್ಚಿಯಲ್ಲಿ ಕೂತರೆ ಸವಾಲು ಕೂಗುವವರಾರು? 2025ರ ಕೊನೆಯಲ್ಲಿ ಹಳೆಯ ಒಪ್ಪಂದ ಮುಗಿಯುವ ಹೊತ್ತಿಗೆ ಫೆಡರೇಷನ್ ಇಂಡಿಯನ್ ಸೂಪರ್ ಲೀಗ್‌ನ ಹಕ್ಕಿಗೆ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ಎಂಬ ಷರತ್ತು. ನವೆಂಬರ್ 7ರ ಗಡುವು ಮುಗಿದಾಗ ಬಂದ ಬಿಡ್ಡುಗಳ ಸಂಖ್ಯೆ ಸೊನ್ನೆ. ಲೀಗ್ ಬೇರೆ, ರಾಷ್ಟ್ರೀಯ ತಂಡ ಬೇರೆ ನಿಜ. ಆದರೆ ಅಂಗಡಿಯಲ್ಲಿ ಗಿರಾಕಿಯೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ತಿಂಗಳು ಫಿಫಾ ಪಟ್ಟಿಯಲ್ಲಿ ಭಾರತ 142ನೇ ಸ್ಥಾನಕ್ಕೆ ಇಳಿದಿತ್ತು. 2027ರ ಏಷ್ಯನ್ ಕಪ್‌ಗೆ ಅರ್ಹತೆಯೂ ತಪ್ಪಿತ್ತು.

ಅವರದು ಇನ್ನೊಂದು ವಾದ, ಸಣ್ಣದಾದರೂ ಗಟ್ಟಿ. ಎಲ್ಲ ಪಂದ್ಯವೂ ನಮ್ಮ ಫೆಡರೇಷನ್ ಕೈಯಲ್ಲಿಲ್ಲ. ಪಂದ್ಯ ಎಲ್ಲಿ ನಡೆಯುತ್ತದೋ ಅಲ್ಲಿಯ ಸಂಘಟಕರದ್ದು ಚಿತ್ರದ ಹಕ್ಕು. 2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ, ಚಿಯಾಂಗ್ ಮಾಯ್‌ನಲ್ಲಿ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಅಂಥ ಪಂದ್ಯವನ್ನು ಜಿಲ್ಲೆಯ ಕುಕನೂರಿನ ಶಾಲೆಯ ಹುಡುಗಿಯರಿಗೆ ಟಿ.ವಿ.ಯಲ್ಲಿ ತೋರಿಸಬೇಕು ಎಂದು ದೆಹಲಿಯಲ್ಲಿ ಕಾಯ್ದೆ ಬರೆದರೆ ಸಾಲದು; ಹೊರಗಿನವರಿಂದ ಯಾರಾದರೂ ದುಡ್ಡು ಕೊಟ್ಟು ತರಬೇಕು.

ಮೊಬೈಲ್ ಇದೆಯಲ್ಲ ಎನ್ನುವವರುಂಟು. ಇರುವುದು ಸುಳ್ಳಲ್ಲ. 2016ರಲ್ಲಿ ಜಿಯೊ ಬಂದ ಮೇಲೆ ಕುರಿ ಕಾಯುವವನ ಕೈಯಲ್ಲೂ ಇಂಟರ್‌ನೆಟ್ ಇದೆ. ಆ್ಯಪ್‌ನಲ್ಲಿ ಒಂದು ಪಂದ್ಯಕ್ಕೆ ಕೇಳುವ ದುಡ್ಡು ಗಂಗಾವತಿಯ ಬಸ್‌ಸ್ಟ್ಯಾಂಡ್ ಬಳಿ ಒಂದು ಪ್ಲೇಟ್ ಮಂಡಾಳ ಒಗ್ಗರಣೆ, ಜೊತೆಗೆರಡು ಮಿರ್ಚಿಯ ಆಸುಪಾಸಿನಲ್ಲಿರುತ್ತದೆ. ಫುಟ್‌ಬಾಲ್ ಹುಚ್ಚಿರುವವನು ಅಷ್ಟು ಕೊಟ್ಟಾನು; ಕೊಡುವುದರಲ್ಲಿ ತಪ್ಪೂ ಇಲ್ಲ. ಆದರೆ ಹುಚ್ಚು ಹಿಡಿಯುವ ಮೊದಲೇ ಯಾರೂ ಕೊಡುವುದಿಲ್ಲ. ಆ್ಯಪ್ ತೆರೆಯುವವನು ಈಗಾಗಲೇ ಅಭಿಮಾನಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕತ್ತೆತ್ತಿ ಟಿ.ವಿ. ನೋಡಿ “ಇದ್ಯಾವ ಮ್ಯಾಚಪ್ಪಾ” ಎಂದು ಪಕ್ಕದವನನ್ನು ಕೇಳುವವನು ನಾಳೆಯ ಅಭಿಮಾನಿ. ಒಂದು ಮೊಬೈಲನ್ನು ಒಬ್ಬ ನೋಡುತ್ತಾನೆ, ಹೆಚ್ಚೆಂದರೆ ಹೆಗಲ ಮೇಲಿನಿಂದ ಇನ್ನಿಬ್ಬರು. ಕ್ರಿಕೆಟ್ ಈ ದೇಶದಲ್ಲಿ ಬೆಳೆದದ್ದು ಹಾಗಲ್ಲ.

ಎಲ್ಲರೂ ಮರೆತ ಸಂಗತಿ ಇದೇ. ಇಂದು ಪಂದ್ಯಕ್ಕೆ 68 ಕೋಟಿ ಎಣಿಸಿಕೊಳ್ಳುವ ಕ್ರಿಕೆಟ್ ಮಂಡಳಿಯಿಂದಲೇ ತೊಂಬತ್ತರ ದಶಕದ ಶುರುವಿನಲ್ಲಿ ದೂರದರ್ಶನ ಪಂದ್ಯ ತೋರಿಸಲು ಹಣ ಕೇಳುತ್ತಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಕ್ರಿಕೆಟ್ ಬಿಟ್ಟಿಯಾಗಿ ಊರೂರಿಗೆ ಹೋಯಿತು, ಮೊದಲು ರೇಡಿಯೊದಲ್ಲಿ, ಆಮೇಲೆ ಊರಿಗೊಂದೇ ಇದ್ದ ಟಿ.ವಿ.ಯಲ್ಲಿ. 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದ್ದನ್ನು ನೋಡಲು ಯಾರೂ ರಿಚಾರ್ಜ್ ಮಾಡಿಸಲಿಲ್ಲ. ನೋಡುಗರು ಮೊದಲು ಹುಟ್ಟಿದರು, ಬೆಲೆ ಆಮೇಲೆ ಬಂತು. ಫುಟ್‌ಬಾಲ್ ಇದನ್ನು ತಲೆಕೆಳಗಾಗಿ ಮಾಡಲು ಹೊರಟಿದೆ. ನೋಡುಗರು ಹುಟ್ಟುವ ಮೊದಲೇ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದೆ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದ ದಿನ ಮೈದಾನದಲ್ಲಿದ್ದವರು 2,569 ಮಂದಿ. ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬಯ್ಯಲಾದರೂ ಮೈದಾನಕ್ಕೆ ಬನ್ನಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಮುಂದಿನ ಪಂದ್ಯಕ್ಕೆ ಟಿಕೆಟ್ ಖಾಲಿ. ಕರೆದರೆ ಜನ ಬರುತ್ತಾರೆ. ಕರೆಯುವ ದನಿ ಅವರಿಗೆ ಕೇಳಬೇಕು, ಅಷ್ಟೇ.

ಕೇಳುವುದೆಂದ ಮೇಲೆ ಭಾಷೆಯ ಮಾತೂ ಬರುತ್ತದೆ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಕಾಲಿಟ್ಟ 2017–18ರ ಸಾಲಿನಲ್ಲಿ ಸುವರ್ಣ ಪ್ಲಸ್‌ನಲ್ಲಿ ಕನ್ನಡ ವೀಕ್ಷಕ ವಿವರಣೆಯೊಂದಿಗೆ ಪಂದ್ಯಗಳು ಬಂದವು. ಅದು ಖಾಸಗಿಯವರ ಕೆಲಸ ಎಂಬುದನ್ನು ಉಚಿತವಾದಿಗಳು ಒಪ್ಪಿಕೊಳ್ಳಬೇಕು. ಲಾಭದ ವಾಸನೆ ಹತ್ತಿದಾಗ ಖಾಸಗಿಯವರು ಕನ್ನಡಕ್ಕೆ ಬರುತ್ತಾರೆ. ದೂರದರ್ಶನ ಬಿಟ್ಟಿಯಾಗಿ ತೋರಿಸಿದರೂ ವಿವರಣೆ ಸಾಮಾನ್ಯವಾಗಿ ಹಿಂದಿ, ಇಂಗ್ಲಿಷ್‌ನಲ್ಲೇ. ಆಫ್‌ಸೈಡ್ ಎಂದರೇನೆಂದು ಯಾರೂ ಹೇಳಿಕೊಡದಿದ್ದರೆ ಯಲಬುರ್ಗಾದ ಹೊಸ ನೋಡುಗನಿಗೆ ಗೋಲು ಏಕೆ ರದ್ದಾಯಿತೆಂದು ತಿಳಿಯುವುದಾದರೂ ಹೇಗೆ? ವೇಲ್ಸ್ ಎಂಬ ಪುಟ್ಟ ನಾಡಿನಲ್ಲಿ ರಾಷ್ಟ್ರೀಯ ತಂಡದ ಹಕ್ಕು ದುಡ್ಡಿನ ಚಾನೆಲ್‌ಗೆ ಹೋದಾಗಲೂ ವೆಲ್ಷ್ ಭಾಷೆಯ ಸಾರ್ವಜನಿಕ ಚಾನೆಲ್ ಎಸ್4ಸಿ ಅವೇ ಪಂದ್ಯಗಳನ್ನು ಉಚಿತವಾಗಿ ತನ್ನ ಭಾಷೆಯಲ್ಲಿ ತೋರಿಸಿತು. ಇಂಗ್ಲಿಷ್ ಬೇಕಾದವರು ದುಡ್ಡು ಕಟ್ಟಿದರು, ವೆಲ್ಷ್ ಸಾಕೆಂದವರು ಕಟ್ಟಲಿಲ್ಲ. ಹಕ್ಕನ್ನು ಭಾಷೆಯ ಮೇಲೆ ಹೀಗೆ ಹರಿದು ಹಂಚಬಹುದೆಂಬುದು ನಮಗೆ ಹೊಳೆದೇ ಇಲ್ಲ. ನಮ್ಮಲ್ಲಿ ಡಿಡಿ ಚಂದನ ಇದೆ, ಫ್ರೀ ಡಿಶ್‌ನಲ್ಲೂ ಕೇಬಲ್‌ನಲ್ಲೂ ಬರುತ್ತದೆ.

ನನ್ನ ಒಲವು ಉಚಿತದ ಕಡೆಗೇ. ಆದರೆ 2007ರ ಕಾಯ್ದೆಯ ದಾರಿಯಲ್ಲಿ ಅಲ್ಲ. ಪಟ್ಟಿಗೆ ಇನ್ನಷ್ಟು ಫುಟ್‌ಬಾಲ್ ಸೇರಿಸಿ ಒತ್ತಾಯದಿಂದ ಕಿತ್ತುಕೊಳ್ಳುವುದು, ಕೊಳ್ಳುವವರೇ ಇಲ್ಲದ ಸಂತೆಯಲ್ಲಿ ಸುಂಕ ಎತ್ತಿದಂತೆ. ಹಕ್ಕು ಮಾರುವ ಕಾಗದದಲ್ಲೇ ಫೆಡರೇಷನ್ ತಾನಾಗಿ ಒಂದು ಭಾಗ ಉಳಿಸಿಕೊಳ್ಳಬಹುದು: ಭಾರತದಲ್ಲಿ ನಡೆಯುವ ರಾಷ್ಟ್ರೀಯ ತಂಡದ ಪಂದ್ಯಗಳನ್ನು, ಪುರುಷರದ್ದೂ ಮಹಿಳೆಯರದ್ದೂ, ಆಯಾ ರಾಜ್ಯದ ದೂರದರ್ಶನ ಚಾನೆಲ್‌ಗಳು ಆಯಾ ಭಾಷೆಯಲ್ಲಿ ತೋರಿಸುವ ಹಕ್ಕು. ಆ್ಯಪ್, ಇಂಗ್ಲಿಷ್, ಹಿಂದಿ, ಮರುಪ್ರಸಾರ, ತುಣುಕು ವಿಡಿಯೊ ಎಲ್ಲ ಕೊಂಡವನಿಗೆ. ತಂಡ ವರ್ಷಕ್ಕೆ ತವರಿನಲ್ಲಿ ಆಡುವುದೇ ಬೆರಳೆಣಿಕೆಯಷ್ಟು ಪಂದ್ಯ. ಅಷ್ಟಕ್ಕೆ ಇಡೀ ವ್ಯವಹಾರ ಮುಳುಗಿಹೋಗದು.

ಇದರಿಂದ ಫೆಡರೇಷನ್ನಿನ ಆದಾಯ ಇಳಿಯುತ್ತದೆ, ಸುಳ್ಳು ಹೇಳಬಾರದು. ಎಷ್ಟು ಇಳಿದರೂ ಅದನ್ನು ಭರ್ತಿ ಮಾಡುವವರು ಯಾರೆಂಬ ಪ್ರಶ್ನೆಗೆ ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಡಬೇಕು. ತಂಡದ ತರಬೇತಿಗೆ ಅನುದಾನ ಕೊಡುವ ಸಚಿವಾಲಯ ಅದನ್ನು ಜನರಿಗೆ ತೋರಿಸಲೂ ಕೊಡಲಿ ಎನ್ನುವುದು ಅತಿಯಾಸೆಯಲ್ಲ. ದೂರದರ್ಶನದ ಹೊಣೆಯೂ ಕಮ್ಮಿಯದಲ್ಲ. ಪಂದ್ಯ ಪಡೆದು ಮೂಲೆಯ ಚಾನೆಲ್ಲಿಗೆ ತಳ್ಳಿ ಕೈತೊಳೆದುಕೊಳ್ಳುವುದಾದರೆ ಫ್ಯಾನ್‌ಕೋಡೇ ವಾಸಿ. ಚಂದನದಲ್ಲಿ ರಾತ್ರಿ ಏಳೂವರೆಯ ಹೊತ್ತನ್ನು ತೆರವು ಮಾಡಿ, ಕನ್ನಡದಲ್ಲಿ ಮಾತಾಡಬಲ್ಲ ಒಬ್ಬ ಹಳೆಯ ಆಟಗಾರನನ್ನು ಮೈಕಿನ ಮುಂದೆ ಕೂರಿಸಬೇಕು. ಅಂಥವರಿಗೆ ಕರ್ನಾಟಕದಲ್ಲಿ ಬರವಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದವರು ನಮ್ಮವರೇ. ಆ ತಂಡದ ಹೆಸರುಗಳನ್ನು ಕೊಪ್ಪಳದ ಯಾವ ಶಾಲೆಯಲ್ಲಿ ಕೇಳಿದರೂ ಹೇಳುವ ಹುಡುಗರು ಸಿಗುವುದು ಕಷ್ಟ.